ಮಕ್ಕಳ ಕವಾಯತು ಮತ್ತು ಶಾಲೆಯ ಹಾದಿ



ಮೇ ತಿಂಗಳು ಮುಗಿಯುತ್ತ ಬಂತು. ಹೊಲ ಹರಗಿ ಹಸನು ಮಾಡಿ ನೀವೆಲ್ಲ ಆಕಾಶದ ಕಡೆಗೆ ಮುಖ ಮಾಡಿ ಕುಳಿತಿದ್ದೀರಿ. ಇಂಥ ಹೊತ್ತಿನಲ್ಲಿ ನಮ್ಮಂಥವರು ನಿಮ್ಮ ಮುಂದೆ ಬಂದರೆ ಹತ್ತಿ ಬೀಜದ ಮಾತು, ತೊಗರಿಯ ಬೀಜೋಪಚಾರದ ಮಾತು ಎತ್ತುವುದು ವಾಡಿಕೆ. ಅದು ಬರುವ ವಾರ ಇದ್ದೇ ಇದೆ. ಇಂದು ಬೇರೊಂದು ಮಾತು. ಇನ್ನು ಕೆಲವೇ ದಿನಗಳಲ್ಲಿ ಶಾಲೆಗಳು ತೆರೆಯುತ್ತವೆ. ಮೃಗಶಿರಾ ಮಳೆಗೆ ನೀವು ಕೂರಿಗೆ ಹೂಡುವ ವಾರವೂ, ನಿಮ್ಮ ಮಗು ಹೊಸದಾಗಿ ಶಾಲೆಯ ಹಾದಿ ಹಿಡಿಯುವ ವಾರವೂ ಹೆಚ್ಚುಕಡಿಮೆ ಒಂದೇ. ದೊಡ್ಡವರೆಲ್ಲ ಹೊಲದಲ್ಲಿರುತ್ತಾರೆ, ಆರು ವರ್ಷದ ಕೂಸು ರಸ್ತೆಯ ಮೇಲಿರುತ್ತದೆ.

ಭೀಮರಾಯನಗುಡಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ರೈತರ ಸಭೆ ನಡೆದಿತ್ತು. ಭತ್ತದ ಗದ್ದೆಗೆ ನೀರು ಎಷ್ಟು ನಿಲ್ಲಿಸಬೇಕೆಂದು ಹೇಳುತ್ತಿದ್ದೆ. ಹಿಂದೆ ಕುಳಿತಿದ್ದ ತಾಯಿಯೊಬ್ಬರು ಎದ್ದು, "ಸಾಹೇಬ್ರ, ನೀರಿನ ಮಾತು ಆಮ್ಯಾಲ ಹೇಳ್ರಿ. ನನ್ನ ಮಗಳು ಐದನೇತ್ತ ಮುಗಿಸ್ಯಾಳ. ಆರನೇತ್ತಕ್ಕ ಪಕ್ಕದೂರಿಗಿ ಹೋಗ್ಬೇಕು. ನಡುಬರಕ ಕೆನಾಲ ಅದ, ಟ್ರ್ಯಾಕ್ಟರ್ ಹಾದಿ ಅದ. ಹ್ಯಾಂಗ ಕಳಿಸ್ಲಿ? ಸಾಲಿ ಬಿಡಿಸಿ ಮನ್ಯಾಗ ಇಟ್ಕೋಬೇಕಂತ ಮಾಡೀನಿ" ಅಂದರು. ಸಭೆಯಲ್ಲಿ ಯಾರೂ ನಗಲಿಲ್ಲ. ಅಲ್ಲಿದ್ದ ಎಷ್ಟೋ ಮನೆಗಳ ಮಾತು ಅದು. ಹುಡುಗ ಆದರೆ ಸೈಕಲ್ಲು ಕೊಟ್ಟು ಕಳಿಸುತ್ತೀರಿ, ಹುಡುಗಿ ಆದರೆ ಹಾದಿಯ ನೆವ ಹೇಳಿ ಓದು ಬಿಡಿಸುತ್ತೀರಿ. ಹತ್ತಿ ಬಿಡಿಸುವ ಕೂಲಿಗೆ ಟಂಟಂನಲ್ಲಿ ತುಂಬಿ ಕಳಿಸುವಾಗ ಮಾತ್ರ ಅದೇ ಹಾದಿಯ ಅಂಜಿಕೆ ಯಾರಿಗೂ ನೆನಪಾಗುವುದಿಲ್ಲ. ಸ್ವಲ್ಪ ಖಾರವಾಯಿತು, ಆದರೂ ಹೇಳಬೇಕಾದ ಮಾತು.

ಕೃಷಿ ಇಲಾಖೆಯವರಿಗೆ ಶಾಲೆಯ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಈ ಹಾದಿಯನ್ನು ಬದಲು ಮಾಡಿದ್ದು ನಮ್ಮ ಒಕ್ಕಲುತನವೇ. ೧೯೬೪ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. ೧೯೮೨ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿಯಿತು. ಅದರ ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರ ತಾಲ್ಲೂಕುಗಳ ಎರೆ ಹೊಲಗಳಿಗೆ ಹರಿಯಿತು. ಆ ಕೆಲಸದ ಸಲುವಾಗಿಯೇ ಭೀಮರಾಯನಗುಡಿಯಲ್ಲಿ ಕಚೇರಿಗಳು, ವಸತಿಗಳು ಎದ್ದು ಅದೊಂದು ಕಾಲೊನಿಯಾಯಿತು. ಜೋಳ, ಸಜ್ಜೆ ಬೆಳೆಯುತ್ತಿದ್ದ ಕಡೆ ಭತ್ತ ಬಂತು, ಹತ್ತಿ ಬಂತು, ಮೆಣಸಿನಕಾಯಿ ಬಂತು. ಅವುಗಳ ಹಿಂದೆ ಟ್ರ್ಯಾಕ್ಟರು, ಲಾರಿ, ಕೊಯ್ಯುವ ಯಂತ್ರ ಬಂದವು. ನಿಮ್ಮಲ್ಲಿ ಹಿರಿಯರು ಶಾಲೆಗೆ ಹೋಗುವಾಗ ಹಾದಿಯಲ್ಲಿ ಎದುರಾಗುತ್ತಿದ್ದುದು ಎತ್ತಿನ ಬಂಡಿ, ಹೆಚ್ಚೆಂದರೆ ಊರಿಗೊಂದು ಬಸ್ಸು. ಇಂದು ನಿಮ್ಮ ಮೊಮ್ಮಕ್ಕಳಿಗೆ ಎದುರಾಗುವುದು ಬೇರೆ. ಹಾದಿ ಬದಲಾದರೂ ನಡೆಯುವುದನ್ನು ಕಲಿಸುವ ರೀತಿ ಬದಲಾಗಿಲ್ಲ. "ಹುಷಾರಾಗಿ ಹೋಗಪ್ಪಾ" ಎಂದು ಬಾಗಿಲಲ್ಲಿ ನಿಂತು ಹೇಳುತ್ತೇವೆ, ಅಷ್ಟೇ.

ಆ ಮಾತು ಕಿವಿಗೆ ಬೀಳುತ್ತದೆ, ಕಾಲಿಗೆ ಇಳಿಯುವುದಿಲ್ಲ. ಗೆಳೆಯ ರಸ್ತೆಯ ಆಚೆಯಿಂದ ಕೂಗಿದಾಗ, ಚೆಂಡು ಉರುಳಿ ಹೋದಾಗ, ಮಳೆ ಹನಿ ಬಿದ್ದು ಎಲ್ಲರೂ ಓಡಲು ತೊಡಗಿದಾಗ ಮಗುವಿನ ಕಾಲು ತಾನಾಗಿ ಮುಂದೆ ಹೋಗುತ್ತದೆ. ಆ ಗಳಿಗೆಯಲ್ಲಿ ಕಾಲು ನಿಲ್ಲಬೇಕಾದರೆ ನಿಲ್ಲುವುದನ್ನು ಮೊದಲೇ ನೂರು ಸಲ ಆಡಿ ರೂಢಿ ಮಾಡಿರಬೇಕು. ಆ ರೂಢಿ ಮಾಡಿಸುವ ಜಾಗ ಶಾಲೆಯ ಅಂಗಳ, ಹೊತ್ತು ಕವಾಯತಿನ ತಾಸು. ಈ ಭಾಷಣದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ನಮ್ಮಲ್ಲಿ ಕವಾಯತಿನ ತಾಸೆಂದರೆ ಅಲಕ್ಷ್ಯ. ಪಾಠ ಹಿಂದೆ ಬಿದ್ದರೆ ಆ ತಾಸಿನಲ್ಲಿ ಲೆಕ್ಕ ಮಾಡಿಸುತ್ತಾರೆ. ಪಾಲಕರೂ ಕಡಿಮೆಯಿಲ್ಲ. "ಆಟ ಆಡಿಸಾಕ ಸಾಲಿಗಿ ಕಳಿಸೀವೇನ್ರೀ" ಎಂದು ಮಾಸ್ತರರನ್ನೇ ಕೇಳುವವರಿದ್ದಾರೆ. ಹೊಲದಲ್ಲಿ ಕೈಯಾಡಿಸಿದರೆ ಅದೇ ವ್ಯಾಯಾಮವಲ್ಲವೇ ಎಂಬ ಮಾತನ್ನೂ ಕೇಳಿದ್ದೇನೆ. ಕಳೆ ಕೀಳುವ ಮಗು ಬಗ್ಗಿ ಒಂದೇ ತೆರನಾಗಿ ದುಡಿಯುತ್ತದೆ. ಓಡುತ್ತಿರುವಾಗ ಥಟ್ಟನೆ ನಿಲ್ಲುವುದು, ಸದ್ದು ಬಂದ ಕಡೆ ಕತ್ತು ಹೊರಳಿಸುವುದು, ಬರುತ್ತಿರುವ ವಸ್ತುವಿನ ವೇಗವನ್ನು ಕಣ್ಣಿನಿಂದ ಅಳೆಯುವುದು ಅದರಿಂದ ಬರುವುದಿಲ್ಲ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯು ಪ್ರತಿ ಶಾಲೆಗೂ ಆಟದ ಬಯಲು, ಆಟದ ಸಾಮಾನು ಇರಬೇಕೆಂದು ತನ್ನ ಅನುಸೂಚಿಯಲ್ಲೇ ಬರೆದಿದೆ. ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ ೬೦ ನಿಮಿಷವಾದರೂ ಮೈ ಬೆವರುವಂತೆ ಆಡಬೇಕು, ನಡೆಯಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಂದು ಕಿಲೋಮೀಟರ್ ದೂರದ ಶಾಲೆಗೆ ಬಿರುಸಾಗಿ ನಡೆದು ಹೋಗಿ ಬರುವ ಮಗು ಅದರಲ್ಲಿ ಅರ್ಧ ತಾಸನ್ನು ಹಾದಿಯಲ್ಲೇ ಮುಗಿಸುತ್ತದೆ. ಆದುದರಿಂದ ನಡೆದು ಹೋಗುವುದು ಬಡತನದ ಗುರುತೆಂದು ತಿಳಿದು ಹತ್ತು ಮಕ್ಕಳನ್ನು ಒಂದು ಆಟೋದಲ್ಲಿ ತುರುಕುವುದು ಬೇಡ.

ಸಣ್ಣ ಶಾಲೆಗಳಲ್ಲಿ ಕವಾಯತಿಗೆಂದೇ ಬೇರೆ ಮಾಸ್ತರರು ಇರುವುದು ಅಪರೂಪ. ಅದರಿಂದ ಕೆಲಸ ನಿಲ್ಲಬೇಕಾಗಿಲ್ಲ. ಒಂದು ಸಿಳ್ಳೆ, ಒಂದಿಷ್ಟು ಸುಣ್ಣದ ಪುಡಿ ಇದ್ದರೆ ಸಾಕು. ಅಂಗಳದಲ್ಲಿ ಏಳು ಮೀಟರ್ ಅಂತರ ಬಿಟ್ಟು ಎರಡು ಗೆರೆ ಎಳೆಯಿರಿ. ಎರಡು ಗಾಡಿ ಎದುರುಬದುರು ಹೋಗುವ ಡಾಂಬರು ರಸ್ತೆಯ ಅಗಲ ಅಷ್ಟೇ ಇರುತ್ತದೆ. ಮಕ್ಕಳು ಅಂಗಳದ ತುದಿಯಿಂದ ಗೆರೆಯ ಕಡೆಗೆ ಓಡಿ ಬರಲಿ. ಸಿಳ್ಳೆ ಕೇಳಿದ ಕೂಡಲೇ ನಿಂತಲ್ಲೇ ಕಲ್ಲಾಗಬೇಕು. ಗೆರೆ ತುಳಿದವರು ಹೊರಗೆ. ಮೊದಲ ದಿನ ಅರ್ಧ ಹುಡುಗರು ಗೆರೆ ದಾಟಿ ಹೋಗಿ ಬೀಳುತ್ತಾರೆ, ನಗುತ್ತಾರೆ. ಹದಿನೈದು ದಿನದಲ್ಲಿ ನಿಲ್ಲುವುದನ್ನು ಕಲಿಯುತ್ತಾರೆ. ಆಮೇಲೆ ಎರಡನೆಯ ಪಾಠ. ಗೆರೆಯ ಹತ್ತಿರ ನಿಂತು ಬಲಕ್ಕೆ ನೋಡು, ಎಡಕ್ಕೆ ನೋಡು, ಮತ್ತೆ ಬಲಕ್ಕೆ ನೋಡು, ಓಡದೆ ನೆಟ್ಟಗೆ ನಡೆ. ಮೊದಲು ಬಲಕ್ಕೇ ಏಕೆಂದರೆ ನಮ್ಮ ದೇಶದಲ್ಲಿ ಗಾಡಿಗಳು ಎಡಗಡೆ ಓಡುತ್ತವೆ, ಹೀಗಾಗಿ ರಸ್ತೆಗೆ ಕಾಲಿಟ್ಟವನಿಗೆ ಮೊದಲು ಮೇಲೆ ಬರುವ ಗಾಡಿ ಬಲಗಡೆಯದು.

ನಮ್ಮ ಊರ ಆಟಗಳೂ ಇದನ್ನೇ ಕಲಿಸುತ್ತವೆ. ಖೋ ಖೋ ನೋಡಿ. ಕುಳಿತ ಹುಡುಗಿ ಖೋ ಎಂಬ ಮಾತು ಕೇಳುವ ಮೊದಲು ಎದ್ದರೆ ತಪ್ಪು. ಕಾಲು ತುದಿಗಾಲಲ್ಲಿ ಕುಣಿಯುತ್ತಿದ್ದರೂ ಕಾಯಬೇಕು. ಲಗೋರಿಯಲ್ಲಿ ಬರುವ ಚೆಂಡು ಎಷ್ಟು ಹೊತ್ತಿಗೆ ತನ್ನ ಬೆನ್ನಿಗೆ ತಗಲುತ್ತದೆಂದು ಹುಡುಗ ಕ್ಷಣದಲ್ಲಿ ಲೆಕ್ಕ ಹಾಕುತ್ತಾನೆ. ಕಬಡ್ಡಿಯಲ್ಲಿ ಕಣ್ಣು ಮುಂದೆ ಇದ್ದರೂ ಹಿಂದಿನ ಗೆರೆಯ ನೆನಪು ತಪ್ಪುವಂತಿಲ್ಲ. ಮೊಬೈಲ್ ಹಿಡಿದು ಮೂಲೆಯಲ್ಲಿ ಕುಳಿತ ಹುಡುಗನಿಗೆ ಈ ಯಾವುದೂ ಸಿಕ್ಕುವುದಿಲ್ಲ. ಹುಡುಗಿಯರನ್ನು ಈ ಆಟಗಳಿಂದ ಹೊರಗೆ ಕೂಡಿಸುವ ಶಾಲೆ ಇದ್ದರೆ ಪಾಲಕರು ಹೋಗಿ ಕೇಳತಕ್ಕದ್ದು. ಅವರೂ ಅದೇ ರಸ್ತೆ ದಾಟಬೇಕಾದವರು.

ಇನ್ನು ರಸ್ತೆಯ ಲೆಕ್ಕ. ರೈತರಾದ ನಿಮಗೆ ಲೆಕ್ಕ ಹೇಳಿದರೆ ಬೇಗ ಮನವರಿಕೆಯಾಗುತ್ತದೆ. ಏಳು ಮೀಟರ್ ರಸ್ತೆ ದಾಟಲು ಸಣ್ಣ ಮಗುವಿಗೆ ಸುಮಾರು ಏಳು ಸೆಕೆಂಡು ಬೇಕು. ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿ ಬರುವ ಮೋಟಾರ್ ಸೈಕಲ್ಲು ಅಷ್ಟೇ ಹೊತ್ತಿನಲ್ಲಿ ೧೧೫ ಮೀಟರಿಗಿಂತ ಹೆಚ್ಚು ದೂರ ಬಂದಿರುತ್ತದೆ. ದೊಡ್ಡವರ ಹೆಜ್ಜೆಯಲ್ಲಿ ಅದು ಸುಮಾರು ೧೫೦ ಹೆಜ್ಜೆ. ನಿಮ್ಮೂರ ರಸ್ತೆಯಲ್ಲಿ ಒಮ್ಮೆ ೧೫೦ ಹೆಜ್ಜೆ ಎಣಿಸಿ ನಡೆದು ನಿಂತು ಹಿಂದಿರುಗಿ ನೋಡಿ. ಅಲ್ಲಿಂದ ಬರುವ ಗಾಡಿ ಮಗುವಿನ ಕಣ್ಣಿಗೆ ಬಲು ದೂರ ಕಾಣುತ್ತದೆ. ಎಂಟು ಒಂಬತ್ತು ವರ್ಷದೊಳಗಿನ ಮಕ್ಕಳಿಗೆ ವೇಗ ಮತ್ತು ದೂರ ಎರಡನ್ನೂ ಕೂಡಿಸಿ ಅಳೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಆದುದರಿಂದ ಆ ಜಾಗದಲ್ಲಿ ಒಂದು ಗುರುತು ಇಟ್ಟುಕೊಡಿ, ಒಂದು ಬೇವಿನ ಗಿಡವೋ, ಕಂಬವೋ, ಮೈಲಿಗಲ್ಲೋ. ಆ ಗುರುತಿನ ಈಚೆ ಗಾಡಿ ಇದ್ದರೆ ದಾಟಕೂಡದು. ಲೆಕ್ಕ ಬಾರದ ಮಗುವಿಗೂ ಬೇವಿನ ಗಿಡ ತಿಳಿಯುತ್ತದೆ. ದೊಡ್ಡ ಹೆದ್ದಾರಿಯಲ್ಲಾದರೆ ಗಾಡಿಗಳ ವೇಗ ಇನ್ನೂ ಹೆಚ್ಚು. ಅಲ್ಲಿ ಸಣ್ಣವರು ದೊಡ್ಡವರ ಕೈ ಹಿಡಿಯದೆ ದಾಟುವುದೇ ಬೇಡ.

"ಗಾಡಿಯವ ಬ್ರೇಕ್ ಹಾಕ್ತಾನ ಬಿಡ್ರಿ" ಎನ್ನುವವರಿಗೆ ಒಂದು ಮಾತು. ಅದೇ ೬೦ರ ವೇಗದಲ್ಲಿ ಒಣ ರಸ್ತೆಯಲ್ಲೂ ಗಾಡಿ ನಿಲ್ಲಲು ೩೫ರಿಂದ ೪೦ ಮೀಟರ್ ಬೇಕು. ಮಳೆ ಬಿದ್ದು ಎರೆ ಮಣ್ಣು ಡಾಂಬರಿನ ಮೇಲೆ ಹತ್ತಿದ್ದರೆ ಇನ್ನೂ ಹೆಚ್ಚು. ನಮ್ಮ ಎರೆ ಮಣ್ಣಿನ ಗುಣ ನಿಮಗೆ ಹೇಳಬೇಕೇ? ಮಳೆಗಾಲದಲ್ಲಿ ರಸ್ತೆಯ ಅಂಚಿನಲ್ಲಿ ಕಾಲಿಟ್ಟರೆ ಬೂಟಿಗೆ ಸೇರು ಮಣ್ಣು ಅಂಟುತ್ತದೆ. ಮಕ್ಕಳು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಡಾಂಬರಿನ ಮೇಲೆ ಬರುತ್ತಾರೆ. ಮಕ್ಕಳನ್ನು ಗದರಿಸಿ ಫಲವಿಲ್ಲ. ಊರಿಂದ ಶಾಲೆಯವರೆಗೆ ರಸ್ತೆಯ ಒಂದು ಬದಿಗೆ ಮೂರಡಿ ಅಗಲ ಮುರುಂ ಹಾಕಿ ಗಟ್ಟಿ ಮಾಡಿಸಬೇಕೆಂದು ಗ್ರಾಮಸಭೆಯಲ್ಲಿ ಬರೆಸಿರಿ. ಸಿ.ಸಿ. ರಸ್ತೆ, ಸಮುದಾಯ ಭವನ ಎಂದು ಎಷ್ಟೋ ಕೇಳುತ್ತೀರಿ, ಇದನ್ನು ಕೇಳಿದವರನ್ನು ನಾನು ಕಂಡಿಲ್ಲ.

ಯಾವ ಬದಿಗೆ ನಡೆಯಬೇಕು? ನಮ್ಮಲ್ಲಿ ಅನೇಕರು ಎಡಗಡೆ ನಡೆ ಎಂದು ಕಲಿತವರು, ಮಕ್ಕಳಿಗೂ ಅದನ್ನೇ ಹೇಳುತ್ತೇವೆ. ನಡೆಯುವವರಿಗೆ ಬೇರೆ ಕಟ್ಟೆ ಇಲ್ಲದ ಹಳ್ಳಿಯ ರಸ್ತೆಯಲ್ಲಿ ಬಲಬದಿಯ ಅಂಚಿನಲ್ಲಿ ನಡೆಯುವುದೇ ಮೇಲು. ಆಗ ತನ್ನ ಬದಿಯ ಗಾಡಿ ಮುಂದಿನಿಂದ ಬರುತ್ತದೆ, ಕಣ್ಣಿಗೆ ಕಾಣುತ್ತದೆ. ಎಡಗಡೆ ನಡೆದರೆ ಅದು ಬೆನ್ನ ಹಿಂದಿನಿಂದ ಬರುತ್ತದೆ. ಒಂದೇ ಎಚ್ಚರಿಕೆ, ರಸ್ತೆ ಬಲಕ್ಕೆ ಹೊರಳಿ ಮುಂದೆ ಕಾಣದಂತಿರುವ ತಿರುವಿದ್ದರೆ ಅದಕ್ಕೆ ಸಾಕಷ್ಟು ಮುಂಚೆಯೇ ಎಡಬದಿಗೆ ದಾಟಿಕೊಂಡು, ತಿರುವು ಕಳೆದ ಮೇಲೆ ಮತ್ತೆ ಬಲಕ್ಕೆ ಬರಬೇಕು. ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ಹೆಗಲ ಮೇಲೆ ಕೈ ಹಾಕಿ ನಾಲ್ಕು ಜನ ಸಾಲಾಗಿ ಹೋಗುವುದು ಚೆಂದ ಕಾಣುತ್ತದೆ, ಬಯಲಲ್ಲಿ ಮಾಡಲಿ.

ಈಗ ನಮ್ಮ ತಪ್ಪುಗಳ ಕಡೆ ಬರೋಣ. ಸುಗ್ಗಿಯಲ್ಲಿ ಭತ್ತ, ತೊಗರಿ, ಸಜ್ಜೆ ಎಲ್ಲದರ ರಾಶಿಯನ್ನೂ ಡಾಂಬರು ರಸ್ತೆಯ ಮೇಲೆ ಹರಡುತ್ತೇವೆ. ರಾಶಿಯ ಸುತ್ತ ಗಾಡಿ ಬಾರದಿರಲೆಂದು ತಲೆ ಗಾತ್ರದ ಕಲ್ಲು ಇಡುತ್ತೇವೆ. ರಸ್ತೆಯ ಅರ್ಧ ರಾಶಿಗೆ ಹೋಯಿತು, ಉಳಿದ ಅರ್ಧದಲ್ಲಿ ಎರಡೂ ಕಡೆಯ ಗಾಡಿ ಓಡಬೇಕು. ಅದರ ನಡುವೆ ನಿಮ್ಮದೇ ಮಗು ಪಾಟಿಚೀಲ ಹಾಕಿಕೊಂಡು ಬರುತ್ತದೆ. ಅದು ಎಲ್ಲಿ ಕಾಲಿಡಬೇಕು? ಸಂಜೆ ಕಾಳು ತುಂಬಿಕೊಂಡು ಹೋಗುವಾಗ ಕಲ್ಲನ್ನು ಅಲ್ಲೇ ಬಿಡುವವರೂ ಇದ್ದಾರೆ. ಕತ್ತಲಲ್ಲಿ ಮೋಟಾರ್ ಸೈಕಲ್ಲಿನವನು ಆ ಕಲ್ಲಿಗೆ ಹಾಯುತ್ತಾನೆ. ಕಣದ ಜಾಗ ಇಲ್ಲವೆಂಬುದು ನಿಜವಾದ ತೊಂದರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ತಾಡಪತ್ರಿ ಹಾಸಿ ಹೊಲದ ಬದುವಿನಲ್ಲಿ ಒಣಗಿಸಬಹುದು, ನಾಲ್ಕು ಮನೆಯವರು ಕೂಡಿ ಒಂದು ಕಣ ಮಾಡಿಕೊಳ್ಳಬಹುದು. ರಸ್ತೆಯ ಮೇಲೆ ಒಕ್ಕಿದ ಕಾಳಿಗೆ ಹರಳು, ಡಾಂಬರಿನ ಪುಡಿ ಸೇರಿ ಪೇಟೆಯಲ್ಲಿ ದರವೂ ಬೀಳುತ್ತದೆ. ಮಕ್ಕಳ ಸಲುವಾಗಿ ಬಿಡದಿದ್ದರೆ ದರದ ಸಲುವಾಗಿಯಾದರೂ ಬಿಡಿ.

ಟ್ರ್ಯಾಕ್ಟರಿನ ವಿಷಯ. ಹತ್ತಿಯ ಹೇರು ಟ್ರಾಲಿಯ ಅಗಲಕ್ಕಿಂತ ಎರಡೂ ಕಡೆ ಹೊರಚಾಚಿರುತ್ತದೆ. ಚಕ್ರ ಮಗುವಿನಿಂದ ದೂರವೇ ಹೋದರೂ ಹೇರು ತಳ್ಳಿಬಿಡಬಹುದು. ತಿರುವಿನಲ್ಲಿ ಇಂಜಿನ್ನು ಹೋದ ಜಾಡಿನಲ್ಲೇ ಟ್ರಾಲಿ ಹೋಗುವುದಿಲ್ಲ, ಒಳಗಡೆಗೆ ಕೊಯ್ದುಕೊಂಡು ಬರುತ್ತದೆ. ಬಂಡಿ ಹೊಡೆದವರಿಗೆ ಇದು ಗೊತ್ತು, ಮಕ್ಕಳಿಗೆ ಗೊತ್ತಿಲ್ಲ. ಟ್ರ್ಯಾಕ್ಟರ್ ಕಂಡರೆ ರಸ್ತೆ ಬಿಟ್ಟು ಕೆಳಗಿಳಿದು, ಟ್ರಾಲಿಯ ಹಿಂಭಾಗ ದಾಟಿ ಹೋಗುವವರೆಗೆ ನಿಲ್ಲಬೇಕೆಂದು ಕಲಿಸಿರಿ. ಹಿಂದೆ ಜೋತು ಬೀಳುವುದು, ಮಡ್‌ಗಾರ್ಡಿನ ಮೇಲೆ ಕೂಡುವುದು ಸಲ್ಲದು. ಹದಿನಾಲ್ಕು ವರ್ಷದ ಮಗನ ಕೈಗೆ ಟ್ರ್ಯಾಕ್ಟರ್ ಕೊಟ್ಟು "ನಮ್ಮ ಹುಡುಗ ಎಷ್ಟು ಚೆಂದ ಹೊಡೀತಾನ" ಎಂದು ಹಿಗ್ಗುವ ತಂದೆಯರು ಕೇಳಿರಿ. ೨೦೧೯ರಲ್ಲಿ ತಿದ್ದಿದ ಮೋಟಾರು ವಾಹನ ಕಾಯಿದೆಯ ಪ್ರಕಾರ, ವಯಸ್ಸಿಗೆ ಬಾರದ ಹುಡುಗ ಗಾಡಿ ಓಡಿಸಿ ಅಪರಾಧವಾದರೆ ಪಾಲಕರಿಗೆ ಅಥವಾ ಗಾಡಿಯ ಒಡೆಯರಿಗೆ ಮೂರು ವರ್ಷದವರೆಗೆ ಸೆರೆ ಮತ್ತು ೨೫,೦೦೦ ರೂಪಾಯಿ ದಂಡ. ಟ್ರಾಲಿಯ ಹಿಂದೆ ಕೆಂಪು ಹೊಳೆಯುವ ಪಟ್ಟಿ ಅಂಟಿಸಲು ಒಂದು ಚೀಲ ಗೊಬ್ಬರದಷ್ಟೂ ಖರ್ಚಿಲ್ಲ.

ಕಾಲುವೆಯ ಮಾತನ್ನು ಬೇರೆಯಾಗಿ ಹೇಳಬೇಕು. ಈಗ ಬೇಸಿಗೆಯಲ್ಲಿ ಕಾಲುವೆ ಬತ್ತಿದೆ. ಮಕ್ಕಳು ಅದರೊಳಗೆ ಇಳಿದು ಆಡುತ್ತಾರೆ, ಹತ್ತಿರದ ಹಾದಿಯೆಂದು ಅಡ್ಡ ದಾಟುತ್ತಾರೆ. ಎರಡು ತಿಂಗಳು ಅದೇ ರೂಢಿ. ಅಣೆಕಟ್ಟು ತುಂಬಿ ನೀರು ಬಿಟ್ಟ ದಿನವೂ ಕಾಲು ಅತ್ತಲೇ ಹೋಗುತ್ತದೆ. ಸಿಮೆಂಟು ಹಾಸಿದ ಇಳಿಜಾರು ದಂಡೆಗೆ ಪಾಚಿ ಕಟ್ಟಿದರೆ ಈಜು ಬಲ್ಲ ದೊಡ್ಡವರಿಗೂ ಹಿಡಿದು ಮೇಲೇರಲು ಆಗುವುದಿಲ್ಲ. ಆದುದರಿಂದ ನೀರಿರಲಿ ಇಲ್ಲದಿರಲಿ, ಸೇತುವೆಯ ಮೇಲಿಂದಲೇ ದಾಟಬೇಕು, ಅರ್ಧ ಕಿಲೋಮೀಟರ್ ಸುತ್ತಾದರೂ ಸರಿ. ಕೈ ಕಾಲು ತೊಳೆಯಲು, ಊಟದ ಡಬ್ಬಿ ತೊಳೆಯಲು ದಂಡೆಗೆ ಇಳಿಯಕೂಡದು. ಯಾರಾದರೂ ಜಾರಿ ಬಿದ್ದರೆ ಜೊತೆಯ ಮಗು ನೀರಿಗೆ ಧುಮುಕಬಾರದು. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಮೂವರು ಹೋದ ಸುದ್ದಿಗಳನ್ನು ನೀವೂ ಓದಿದ್ದೀರಿ. ಕೂಗಬೇಕು, ದಂಡೆಯ ಮೇಲೆ ಮಲಗಿ ಉದ್ದ ಕೋಲು ಚಾಚಬೇಕು, ಸೀರೆಯನ್ನೋ ಹಗ್ಗವನ್ನೋ ಎಸೆಯಬೇಕು. ಬಾಯಿ ಮುಚ್ಚಿದ ಖಾಲಿ ಕೊಡ ಎಸೆದರೂ ಅದನ್ನು ಹಿಡಿದು ತೇಲಬಹುದು. ಇದನ್ನೂ ಶಾಲೆಯ ಅಂಗಳದಲ್ಲಿ ಹಗ್ಗ ಎಸೆದು ಆಟವಾಗಿ ಆಡಿಸಬಹುದು.

ಚೀಲದ ಭಾರ ಮಗುವಿನ ತೂಕದ ಹತ್ತರಲ್ಲೊಂದು ಪಾಲು ಮೀರಬಾರದೆಂದು ಸರ್ಕಾರ ೨೦೧೯ರಲ್ಲಿ ಆದೇಶ ಮಾಡಿತು. ಇಪ್ಪತ್ತು ಕಿಲೋ ತೂಗುವ ಮಗುವಿಗೆ ಎರಡೇ ಕಿಲೋ. ಭಾರಕ್ಕೆ ಬಗ್ಗಿದ ಮಗು ತನ್ನ ಕಾಲ ಬೆರಳು ನೋಡಿ ನಡೆಯುತ್ತದೆ, ರಸ್ತೆ ನೋಡುವುದಿಲ್ಲ. ಅದೇ ಆದೇಶದಲ್ಲಿ ತಿಂಗಳ ಮೂರನೆಯ ಶನಿವಾರ ಚೀಲವಿಲ್ಲದ ದಿನ ಎಂದು ಹೇಳಿದೆ. ಎಸ್.ಡಿ.ಎಂ.ಸಿ. ಸದಸ್ಯರಾಗಿರುವ ಪಾಲಕರು ಹೆಡ್ ಮಾಸ್ತರರನ್ನು ಕಂಡು, ಅಂಥದೊಂದು ಶನಿವಾರ ಮಕ್ಕಳನ್ನು ನಿಜವಾದ ಹಾದಿಯ ಮೇಲೆ ನಡೆಸಿ ಎಂದು ಕೇಳಿರಿ. ಊರಿನ ಇಬ್ಬರು ದೊಡ್ಡವರು ಮುಂದೊಬ್ಬರು ಹಿಂದೊಬ್ಬರು ಜೊತೆಗೆ ಬರಲಿ.

ಉಳಿದದ್ದು ಒಟ್ಟಾಗಿ ಹೋಗುವ ಸಂಗತಿ. ಜಪಾನ್ ದೇಶದಲ್ಲಿ ಅನೇಕ ಕಡೆ ಒಂದು ಓಣಿಯ ಮಕ್ಕಳೆಲ್ಲ ಬೆಳಿಗ್ಗೆ ಒಂದೆಡೆ ಸೇರಿ, ದೊಡ್ಡ ತರಗತಿಯ ಹುಡುಗನನ್ನೋ ಹುಡುಗಿಯನ್ನೋ ಮುಂದಿಟ್ಟುಕೊಂಡು ಸಾಲಾಗಿ ಶಾಲೆಗೆ ನಡೆಯುತ್ತಾರೆ. ಸಣ್ಣವರ ತಲೆಗೆ ದೂರದಿಂದ ಕಾಣುವ ಹಳದಿ ಟೊಪ್ಪಿಗೆ ಇರುತ್ತದೆ. ಅದು ಶ್ರೀಮಂತ ದೇಶ, ಆದರೆ ಈ ಪದ್ಧತಿಗೆ ಹಣ ಬೇಕಾಗಿಲ್ಲ. ತಾಂಡಾದಿಂದ, ಕ್ಯಾಂಪಿನಿಂದ, ತೋಟದ ಮನೆಗಳಿಂದ ಬರುವ ಮಕ್ಕಳು ಹನುಮಂತ ದೇವರ ಗುಡಿಯ ಕಟ್ಟೆಯ ಹತ್ತಿರ ಕೂಡಲಿ. ಹೊಲಕ್ಕೆ ಹೋಗುವ ತಾಯಂದಿರು ದಿನಕ್ಕೊಬ್ಬರಂತೆ ಪಾಳಿ ಹಾಕಿಕೊಂಡು ಸೇತುವೆಯವರೆಗೆ, ಹೆದ್ದಾರಿ ದಾಟುವವರೆಗೆ ಜೊತೆ ಕೊಡಲಿ. ಹತ್ತು ಮನೆಗಳಿದ್ದರೆ ಒಬ್ಬೊಬ್ಬರಿಗೆ ಹತ್ತು ದಿನಕ್ಕೊಮ್ಮೆ ಬರುತ್ತದೆ. ಕಾಲುವೆ ನೀರಿಗೆ ಪಾಳಿ ಹಾಕಿಕೊಳ್ಳುವ ನಮಗೆ ಮಕ್ಕಳಿಗೆ ಪಾಳಿ ಹಾಕಿಕೊಳ್ಳುವುದು ಕಷ್ಟವೇ? ಮಗಳನ್ನು ಶಾಲೆ ಬಿಡಿಸುತ್ತೇನೆಂದ ತಾಯಿಗೆ ನಾನು ಕೊಟ್ಟ ಉತ್ತರವೂ ಇದೇ. ಅವರ ಓಣಿಯಲ್ಲಿ ಆರನೇತ್ತಕ್ಕೆ ಹೋಗುವ ಹುಡುಗಿಯರು ಇನ್ನೂ ನಾಲ್ವರಿದ್ದರು. ನಾಲ್ಕು ಮನೆಯವರೂ ತಮ್ಮ ಮಗಳೊಬ್ಬಳೇ ಎಂದು ತಿಳಿದಿದ್ದರು.

ಆಪತ್ತು ಬಂದರೆ ೧೦೮ಕ್ಕೆ ಫೋನು ಮಾಡಿರಿ. ಗಾಯವಾದವರನ್ನು ಎತ್ತಿ ಆಸ್ಪತ್ರೆಗೆ ಒಯ್ದವರಿಗೆ ಪೊಲೀಸರಿಂದ ಕಿರುಕುಳವಾಗಬಾರದೆಂದು ಕಾನೂನೇ ಹೇಳುತ್ತದೆ, ಅಂಜಬೇಕಾಗಿಲ್ಲ.

ಶಾಲೆ ತೆರೆಯುವ ಮುಂಚಿನ ಭಾನುವಾರ ಬೆಳಿಗ್ಗೆ ಅರ್ಧ ತಾಸು ಬಿಡುವು ಮಾಡಿಕೊಳ್ಳಿ. ಮಗುವನ್ನು ಮುಂದೆ ಬಿಟ್ಟು ನೀವು ಹತ್ತು ಹೆಜ್ಜೆ ಹಿಂದೆ ನಡೆಯಿರಿ. ಏನೂ ಹೇಳಬೇಡಿ. ಎಲ್ಲಿ ಓಡುತ್ತದೆ, ಎಲ್ಲಿ ನೋಡದೆ ದಾಟುತ್ತದೆ, ಯಾವ ನಾಯಿಗೆ ಅಂಜಿ ರಸ್ತೆಯ ನಡುವೆ ಬರುತ್ತದೆ ಎಂಬುದನ್ನೆಲ್ಲ ನೋಡಿಕೊಳ್ಳಿ. ಬರುವಾಗ ಆ ಜಾಗಗಳಲ್ಲಿ ನಿಂತು ತೋರಿಸಿಕೊಡಿ. ತಂದೆಯರೇ ಹೋದರೆ ಒಳ್ಳೆಯದು, ಟ್ರ್ಯಾಕ್ಟರ್ ಹೊಡೆಯುವವರು ಅವರೇ ಆದ್ದರಿಂದ.

ಬರುವ ವಾರ ಇದೇ ಹೊತ್ತಿಗೆ ತೊಗರಿಯ ಬೀಜೋಪಚಾರದ ಸಂಗತಿ ಮಾತಾಡೋಣ.